ಸಾಕ್ಷಿಯ ಮಾತು, ಇಂಗ್ಲಿಷಿನ ಬರಹ

(ಕೋಲಾರದಲ್ಲಿ ಉಪಾಧ್ಯಾಯ ಮಿತ್ರರ ಕೂಟವೊಂದರಲ್ಲಿ ಮಾಡಿದ ಭಾಷಣ)



ಇಂಗ್ಲಿಷ್ ಭಾಷೆಯು ಹೇಗೆ ಮಾರ್ಪಡುತ್ತ ಬಂದಿದೆ, ಅದನ್ನು ನಮ್ಮ ಜನರು ಹೇಗೆ ಬಳಸುತ್ತಿರುವರು ಎಂಬ ವಿಷಯವಾಗಿ ನಾಲ್ಕು ಮಾತುಗಳನ್ನು ಆಡಬೇಕೆಂದು ತಾವು ಅಪ್ಪಣೆ ಮಾಡಿದಿರಿ. ಭಾಷಾಶಾಸ್ತ್ರವು ನಮ್ಮ ವೃತ್ತಿಯಲ್ಲ. ನಾವು ಕರಿಯ ಕೋಟು ತೊಟ್ಟು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ನ್ಯಾಯಸ್ಥಾನಗಳಿಗೆ ಅಲೆಯುವವರು. ಆದರೆ ವಕೀಲನಿಗೆ ಮಾತೇ ಬಂಡವಾಳ. ಒಂದು ಮಾತು ಅತ್ತಿತ್ತ ಆದರೆ ಒಬ್ಬ ಬಡವನ ಎರಡು ಎಕರೆ ಖುಷ್ಕಿಯೂ ಅತ್ತಿತ್ತ ಆಗುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದುದರಿಂದ ಪಂಡಿತರು ಗ್ರಂಥಗಳಲ್ಲಿ ಹೇಳಿರುವುದಕ್ಕಿಂತ ಹೆಚ್ಚಾಗಿ, ಸಾಕ್ಷಿಯ ಕಟಕಟೆಯ ಪಕ್ಕದಲ್ಲಿ ನಿಂತು ನಾವು ಕೇಳಿದುದನ್ನೇ ತಮ್ಮಲ್ಲಿ ಅರಿಕೆ ಮಾಡುವೆವು.

ಇಂಗ್ಲಿಷೆಂಬುದು ಕಾಲೇಜಿನಲ್ಲಿಯೂ ಕಚೇರಿಯಲ್ಲಿಯೂ ಮಾತ್ರ ಇರುವ ಭಾಷೆಯೆಂದು ಪಟ್ಟಣದ ಜನರು ಭಾವಿಸುವುದುಂಟು. ನಮ್ಮ ಸೀಮೆಯಲ್ಲಿ ಅದು ಹೊಲಕ್ಕೂ ಇಳಿದಿದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು. ಕೆರೆ ಬತ್ತಿದ ಮೇಲೆ ಒಕ್ಕಲಿಗನು ನೆಲವನ್ನು ಕೊರೆಯಿಸಿದನು. “ಬೋರು ಫೇಲಾಯಿತು, ಟಿ.ಸಿ. ಸುಟ್ಟುಹೋಯಿತು, ಲೋನು ಕಟ್ಟಲಾಗಲಿಲ್ಲ, ನೋಟೀಸು ಬಂತು” ಎಂದು ಕಕ್ಷಿಗಾರನು ನಮ್ಮ ಮುಂದೆ ಕುಳಿತು ಹೇಳುವನು. ಇದರಲ್ಲಿ ಇಂಗ್ಲಿಷಿನ ಶಬ್ದಗಳು ಐದು. ಆದರೆ ವಾಕ್ಯವು ಅಪ್ಪಟ ಕನ್ನಡ, ದುಃಖವೂ ಅಪ್ಪಟ ಕೋಲಾರದ್ದು. ಟಿ.ಸಿ. ಎಂಬ ಎರಡಕ್ಷರವನ್ನೇ ನೋಡಿರಿ. ಒಕ್ಕಲಿಗನಿಗೆ ಅದು ವಿದ್ಯುತ್ತಿನ ಟ್ರಾನ್ಸ್‌ಫಾರ್ಮರು, ಉಪಾಧ್ಯಾಯರಾದ ತಮಗೆ ಶಾಲೆ ಬಿಡುವ ಹುಡುಗನಿಗೆ ಬರೆದುಕೊಡುವ ವರ್ಗಾವಣೆ ಪತ್ರ, ಬಂಗಾರಪೇಟೆಯಲ್ಲಿ ರೈಲು ಹತ್ತುವವನಿಗೆ ಟಿಕೆಟ್ಟು ಕೇಳುವ ಮನುಷ್ಯ. ಕೋಲಾರದ ಟೊಮೇಟೊ ಮಾರುಕಟ್ಟೆಯಲ್ಲಿ ಬಾಕ್ಸು ಎಂದರೆ ಪೆಟ್ಟಿಗೆಯೆಂಬ ಅರ್ಥವೇ ಹಿಂದೆ ಸರಿದಿದೆ. ಅದು 15 ಕಿಲೋಗ್ರಾಮಿನ ಒಂದು ಅಳತೆ. ನಮ್ಮ ತಾತಂದಿರು ಖಂಡುಗ, ಕೊಳಗ ಎಂದಂತೆ ಇಂದಿನವರು ಬಾಕ್ಸು ಎನ್ನುವರು.

ಚಿನ್ನದ ಗಣಿಯ ಕತೆಯನ್ನು ಬಿಡುವಂತಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಅಲ್ಲಿ ಕಾಲಿಟ್ಟರು. ಅವರೊಡನೆ ಶಾಫ್ಟು, ಶಿಫ್ಟು ಮೊದಲಾದ ಶಬ್ದಗಳು ಬಂದು, ತಮಿಳು ಕೂಲಿಕಾರರ ಬಾಯಲ್ಲಿಯೂ ತೆಲುಗು, ಕನ್ನಡದವರ ಬಾಯಲ್ಲಿಯೂ ಸವೆದು ನುಣುಪಾದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮೂರು ಕಿಲೋಮೀಟರಿಗೂ ಮಿಕ್ಕಿ ಇಳಿದಿದ್ದ ಸುರಂಗಗಳಲ್ಲಿ ನೀರು ನಿಂತಿದೆ. ಆದರೆ ಸೈನೈಡ್ ದಿಬ್ಬವೆಂಬ ಮಾತು ದಿಬ್ಬದೊಡನೆಯೇ ಹಾಗೆಯೇ ನಿಂತಿದೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬನ ಹೆಸರಿನ ಬೌರಿಂಗ್‌ಪೇಟೆಯೋ ಬಂಗಾರಪೇಟೆಯಾಗಿ ಹೋಯಿತು. ಪಕ್ಕದಲ್ಲಿ ಚಿನ್ನವಿರುವಾಗ ಸಾಹೇಬನ ಹೆಸರು ಯಾರಿಗೆ ಬೇಕು!

ಶಬ್ದವು ಊರು ಬಿಟ್ಟು ಊರಿಗೆ ಹೋದಾಗ ಅರ್ಥ ಬದಲಾಯಿಸುವುದು ಅಚ್ಚರಿಯಲ್ಲ. ಇದ್ದ ಊರಿನಲ್ಲಿಯೇ ಬದಲಾಯಿಸುವುದು ಸೋಜಿಗ. ಇಂಗ್ಲಿಷಿನಲ್ಲಿ ಡಿಯರ್ ಎಂಬ ಶಬ್ದವು ಮೊದಲು ಯಾವ ಪ್ರಾಣಿಗಾದರೂ ಸಲ್ಲುತ್ತಿದ್ದಿತು, ಕಾಲಕ್ರಮದಲ್ಲಿ ಜಿಂಕೆಯೊಂದಕ್ಕೇ ನಿಂತಿತು. ನಮ್ಮ ಮೃಗ ಶಬ್ದಕ್ಕೂ ಸಂಸ್ಕೃತದಲ್ಲಿ ಈ ಎರಡು ಅರ್ಥಗಳೂ ಇರುವುದನ್ನು ತಾವು ಬಲ್ಲಿರಿ. ಸ್ಟಿಂಕ್ ಎಂಬುದು ಹಳೆಯ ಇಂಗ್ಲಿಷಿನಲ್ಲಿ ಯಾವ ವಾಸನೆ ಬೀರುವುದಕ್ಕಾದರೂ ಹೇಳಬಹುದಾದ ಮಾತು. ಈಗ ದುರ್ವಾಸನೆಗೆ ಮಾತ್ರ. ನೆರೆಯ ತಮಿಳಿನ ಹಳೆಯ ಕಾವ್ಯಗಳಲ್ಲಿ ಪರಿಮಳವೆಂದು ನಡೆಯುತ್ತಿದ್ದ ನಾಱ್ಱಂ ಎಂಬ ಶಬ್ದವು ಇಂದು ಮೂಗು ಮುಚ್ಚುವಂಥದಾಗಿದೆ. ಅದರ ಒಡಹುಟ್ಟಾದ ನಮ್ಮ ನಾತದ ಗತಿಯೂ ಅದೇ. ಸಾವಿರಾರು ಮೈಲಿ ದೂರದ ಎರಡು ಜನಾಂಗಗಳು ಒಂದೇ ಬಗೆಯಲ್ಲಿ ಮೂಗು ಮುರಿದಿವೆ. ತರಗತಿಯಲ್ಲಿ ಹುಡುಗನು ಇಂಗ್ಲಿಷಿನ ವಕ್ರಗತಿಯನ್ನು ಕಂಡು ಹೆದರಿದಾಗ, ಅವನ ಮನೆಮಾತೂ ಹಾಗೆಯೇ ನಡೆದು ಬಂದಿದೆಯೆಂದು ತೋರಿಸಿಕೊಟ್ಟರೆ ಅವನ ಅಂಜಿಕೆ ಅರ್ಧ ಕಳೆಯುವುದು.

ಈಗ ನಮ್ಮ ಮುಖ್ಯ ವಿಷಯಕ್ಕೆ ಬರುವೆವು. ಇಂಗ್ಲಿಷಿನಲ್ಲಿಯೂ ಒಂದು ಕಾಲಕ್ಕೆ ನೀನು, ನೀವು ಎಂಬ ಭೇದವಿದ್ದಿತು. ದೌ ಎಂಬುದು ಏಕವಚನ. ಯೂ ಎಂಬುದು ಬಹುವಚನ, ಹಿರಿಯರಿಗೂ ಅಧಿಕಾರಿಗಳಿಗೂ ಸಲ್ಲುತ್ತಿದ್ದ ಗೌರವವಚನ. 1603ರಲ್ಲಿ ಸರ್ ವಾಲ್ಟರ್ ರಾಲಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ, ಸರಕಾರದ ಪರವಾಗಿ ನಿಂತ ಎಡ್ವರ್ಡ್ ಕೋಕ್ ಎಂಬ ಮಹಾ ನ್ಯಾಯವಾದಿಯು ಆತನನ್ನು ತುಂಬಿದ ಸಭೆಯಲ್ಲಿ ಏಕವಚನದಿಂದ ಕರೆದು, ಹಾಗೆ ಕರೆಯುತ್ತೇನೆಂದು ಸಾರಿ ಹೇಳಿ ಅವಮಾನಿಸಿದನು. ಅದೇ ಶತಮಾನದಲ್ಲಿ ಕ್ವೇಕರ್ ಎಂಬ ಪಂಥದವರು, ದೇವರ ಮುಂದೆ ಎಲ್ಲರೂ ಸಮಾನರೆಂದು ಹೇಳಿ ನ್ಯಾಯಾಧೀಶರನ್ನೂ ದೌ ಎಂದೇ ಸಂಬೋಧಿಸಿ ಬಹಳ ಕೋಪಕ್ಕೆ ಗುರಿಯಾದರು. ಅವರು ಎಲ್ಲರನ್ನೂ ಏಕವಚನಕ್ಕೆ ಇಳಿಸಬೇಕೆಂದರು; ಜನರು ಎಲ್ಲರನ್ನೂ ಬಹುವಚನಕ್ಕೆ ಏರಿಸಿಬಿಟ್ಟರು. ಕೊನೆಗೆ ಅರಸನಿಗೂ ಆಳಿಗೂ ಒಂದೇ ಯೂ ಉಳಿಯಿತು.

ಇದರಲ್ಲಿ ಒಂದು ಸೌಖ್ಯವುಂಟೆಂಬುದನ್ನು ನಾವು ಒಪ್ಪುತ್ತೇವೆ. ನಮ್ಮ ಕಚೇರಿಗಳಲ್ಲಿ ಮೊಮ್ಮಗನ ವಯಸ್ಸಿನ ನೌಕರನು ನರೆತ ಮೀಸೆಯ ರೈತನನ್ನು “ಏನಯ್ಯ, ನಿನ್ನದೇನು?” ಎನ್ನುವನು, ಆ ಮುದುಕನು “ತಾವೇ ನೋಡಬೇಕು ಸ್ವಾಮಿ” ಎನ್ನುವನು. ಅಪರಿಚಿತನನ್ನು ಕಂಡಾಗ ನೀನೆನ್ನಲೋ ನೀವೆನ್ನಲೋ ಎಂದು ಅವನ ಬಟ್ಟೆಯನ್ನೂ ಚಪ್ಪಲಿಯನ್ನೂ ತೂಗಿನೋಡುವ ಕಷ್ಟವು ಇಂಗ್ಲಿಷಿನವನಿಗಿಲ್ಲ. ಓದಿದ ಅನೇಕರು ಆ ಕಷ್ಟವನ್ನು ತಪ್ಪಿಸಿಕೊಳ್ಳುವುದಕ್ಕೆಂದೇ ಹೊಸಬರೊಡನೆ ಇಂಗ್ಲಿಷಿಗೆ ಹೊರಳುವರೆಂದು ನಮ್ಮ ಗುಮಾನಿ.

ಆದರೆ ತೂಗದೆ ಆಡುವ ಭಾಷೆಯಲ್ಲಿ, ತೂಗಿ ಆಡಿದ ಮಾತನ್ನು ಬರೆದಿಡಹೋದರೆ ಏನಾಗುವುದು? ನಮ್ಮ ಅನುಭವದ ಒಂದು ಪ್ರಸಂಗವನ್ನು ಹೇಳುವೆವು. ಊರು, ಹೆಸರು ಬೇಡ. ಬೇಲಿಯ ಜಗಳವೊಂದು ಹೊಡೆದಾಟಕ್ಕೆ ತಿರುಗಿ ಮೊಕದ್ದಮೆಯಾಗಿದ್ದಿತು. ಆಪಾದಿತರು ತಂದೆ ಮತ್ತು ಇಬ್ಬರು ಗಂಡುಮಕ್ಕಳು. ನಾವು ಆ ಮಕ್ಕಳ ವಕೀಲರು. ಮುಖ್ಯ ಸಾಕ್ಷಿಯು ಒಬ್ಬ ಮಧ್ಯವಯಸ್ಸಿನ ಹೆಂಗಸು. ಆಪಾದಿತನಾದ ತಂದೆಯು ಆಕೆಗೆ ಗಂಡನ ಅಣ್ಣ. ಆಕೆ ಹೇಳಿದಳು: “ಅವರು ಬಂದರು, ಬೈದರು, ದೊಣ್ಣೆ ತಗೊಂಡು ಹೊಡೆದರು.” ಇಂಗ್ಲಿಷಿನಲ್ಲಿ ಟೈಪಾದ ಹೇಳಿಕೆಯಲ್ಲಿ ‘ಅವರು’ ಎಂಬುದು ‘ದೇ’ ಎಂದಾಯಿತು. ಬರೆದವರ ಇಂಗ್ಲಿಷಿನಲ್ಲಿ ವ್ಯಾಕರಣದೋಷವಿಲ್ಲ, ದುರುದ್ದೇಶವಂತೂ ಇಲ್ಲವೇ ಇಲ್ಲ. ಆದರೆ ಮೂವರು ಆಪಾದಿತರಿರುವ ಮೊಕದ್ದಮೆಯಲ್ಲಿ ‘ದೇ’ ಎಂದರೆ ಮೂವರೂ ಬಂದರು, ಮೂವರೂ ಹೊಡೆದರು ಎಂದೇ ಓದಿಕೊಳ್ಳಬೇಕು. ಸಮಾನ ಉದ್ದೇಶದಿಂದ ಹಲವರು ಮಾಡಿದ ಕೃತ್ಯಕ್ಕೆ ಪ್ರತಿಯೊಬ್ಬನೂ ಹೊಣೆಯೆಂದು ಹಳೆಯ ದಂಡಸಂಹಿತೆಯ 34ನೆಯ ಪ್ರಕರಣವು ಹೇಳುತ್ತಿದ್ದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನೇ ಹೇಳುವುದು. ಆಪಾದಿತರು ಐವರಿದ್ದಿದ್ದರೆ ಅಕ್ರಮ ಕೂಟವೆಂಬ ಬೇರೊಂದು ಅಪರಾಧವೂ ಆ ಒಂದು ಸರ್ವನಾಮದ ಬೆನ್ನೇರಿ ಬರುತ್ತಿದ್ದಿತು.

ಪಾಟೀಸವಾಲಿನಲ್ಲಿ ನಾವು ಕೇಳಿದೆವು: “ಅವರು ಎಂದರೆ ಎಷ್ಟು ಮಂದಿ, ತಾಯಿ?” ಆಕೆಗೆ ನಮ್ಮ ಪ್ರಶ್ನೆಯೇ ಅರ್ಥವಾಗಲಿಲ್ಲ. ನಮ್ಮನ್ನು ಒಂದು ಕ್ಷಣ ನೋಡಿ, “ಎಷ್ಟು ಮಂದಿ ಏನು ಸ್ವಾಮಿ, ನಮ್ಮ ಭಾವನವರು ಒಬ್ಬರೇ. ಹುಡುಗರು ಆಮೇಲೆ ಓಡಿ ಬಂದು ಬಿಡಿಸಿದರು” ಎಂದಳು. ಗಂಡನ ಅಣ್ಣನನ್ನು ಏಕವಚನದಲ್ಲಿ ಹೇಳುವುದನ್ನು ನಮ್ಮ ಕಡೆಯ ಗರತಿಯು ಕಲಿತವಳಲ್ಲ. ತನ್ನ ತಲೆಯೊಡೆದವನಿಗೂ ಆಕೆ ಬಹುವಚನವನ್ನು ತಪ್ಪಿಸಲಿಲ್ಲ. ಆಕೆಯ ಆ ಮರ್ಯಾದೆಯೇ ಇಂಗ್ಲಿಷಿಗೆ ಹೋದಾಗ ಇಬ್ಬರು ಹುಡುಗರ ಕೊರಳಿಗೆ ಸುತ್ತಿಕೊಂಡಿದ್ದಿತು.

ಇಂಗ್ಲಿಷಿನ ‘ದೇ’ ಕೂಡ ನಿಂತ ನೀರಲ್ಲ. ಒಬ್ಬನನ್ನೇ, ಆತನು ಗಂಡೋ ಹೆಣ್ಣೋ ತಿಳಿಯದಿದ್ದಾಗ, ‘ದೇ’ ಎನ್ನುವ ವಾಡಿಕೆಯು 14ನೆಯ ಶತಮಾನದಿಂದಲೂ ಆ ಭಾಷೆಯಲ್ಲಿದೆ. ನಡುವೆ ವೈಯಾಕರಣರು ಅದನ್ನು ತಪ್ಪೆಂದು ಬೆತ್ತ ತೋರಿಸಿದರು. ಈಗ ಅದು ಮತ್ತೆ ತಲೆಯೆತ್ತಿ, 2019ರಲ್ಲಿ ಅಮೆರಿಕದ ಮೆರಿಯಂ-ವೆಬ್‌ಸ್ಟರ್ ನಿಘಂಟಿನವರು ಅದನ್ನೇ ಆ ವರ್ಷದ ಪದವೆಂದು ಸಾರಿದರು. ಆದರೆ ಅದರ ಏಕವಚನವು ಗೌರವಕ್ಕಾಗಿ ಬಂದುದಲ್ಲ; ನಮ್ಮ ಭಾವನವರನ್ನು ಅದು ಇನ್ನೂ ಅರಿಯದು.

ಇನ್ನೊಂದು ಶಬ್ದವನ್ನು ತೆಗೆದುಕೊಳ್ಳಿರಿ. ಭಾಗದ ದಾವೆಯಲ್ಲಿ ಸಾಕ್ಷಿಯು “ನಾನೂ ನಮ್ಮಣ್ಣನೂ ಒಟ್ಟಿಗಿದ್ದೆವು” ಎನ್ನುವನು. ದೊಡ್ಡಪ್ಪನ ಮಗನೂ ನಮಗೆ ಅಣ್ಣನೇ. ಬೆಳಗ್ಗೆ ಎದ್ದರೆ ಮನೆಯಲ್ಲಿ ಬೇರೆ ಹೆಸರಿನಿಂದ ಅವನನ್ನು ಕರೆಯುವವರುಂಟೆ? ಕಡತದಲ್ಲಿ ಅದು ‘ಬ್ರದರ್’ ಎಂದಾಗುವುದು. ಒಬ್ಬ ತಂದೆಯ ಮಕ್ಕಳೋ ಇಬ್ಬರು ತಂದೆಯರ ಮಕ್ಕಳೋ ಎಂಬುದರ ಮೇಲೆ ಭಾಗದ ಲೆಕ್ಕವೇ ಬೇರೆಯಾಗುವುದು. ಹತ್ತು ವರ್ಷಗಳ ಬಳಿಕ ಮೇಲಿನ ನ್ಯಾಯಾಲಯದಲ್ಲಿ ಆ ಹಾಳೆಯನ್ನು ತೆರೆದವರಿಗೆ ಅಣ್ಣನ ಮುಖ ಕಾಣದು, ಬ್ರದರ್ ಎಂಬ ಅಕ್ಷರ ಮಾತ್ರ ಕಾಣುವುದು. ಹಾಗೆಂದು ‘ಕಸಿನ್’ ಎಂದು ಬರೆದರೂ ಪೂರ್ತಿ ಆಗದು. ಆ ಶಬ್ದದಲ್ಲಿ ದೊಡ್ಡಪ್ಪನ ಮಗನೂ ಸೋದರಮಾವನ ಮಗನೂ ಒಂದೇ ಚಾಪೆಯಲ್ಲಿ ಕುಳಿತಿರುವರು. ನಮ್ಮಲ್ಲಿ ಒಬ್ಬನು ಅಣ್ಣ, ಇನ್ನೊಬ್ಬನು ಭಾವ. ಒಬ್ಬನ ತಂಗಿಯನ್ನು ಮದುವೆಯಾಗುವಂತಿಲ್ಲ, ಇನ್ನೊಬ್ಬನ ತಂಗಿಯನ್ನು ಆಗಬಹುದು. ಇದಕ್ಕಾಗಿಯೇ ನಮ್ಮ ದೇಶದ ಜನರು ಕಸಿನ್-ಬ್ರದರ್ ಎಂಬ ಜೋಡಿಮಾತನ್ನು ಕಟ್ಟಿಕೊಂಡರು. ಅದನ್ನು ಕೇಳಿ ನಗುವ ಪಂಡಿತರನ್ನು ನಾವು ಬಲ್ಲೆವು. ನಗಬೇಕಾದುದೇನಿದೆ? ಇಂಗ್ಲಿಷಿನ ಮನೆಯಲ್ಲಿ ಇಲ್ಲದ ಒಂದು ಬಾಗಿಲನ್ನು ನಮ್ಮವರು ತಮ್ಮ ಖರ್ಚಿನಲ್ಲಿ ಇಟ್ಟುಕೊಟ್ಟರು. ಇಂಜಂಕ್ಷನ್ ಬೇಕೆಂದು ಬಂದವನು “ಒಂದು ಇಂಜೆಕ್ಷನ್ ಕೊಡಿಸಿ ಸ್ವಾಮಿ” ಎಂದರೆ ಬೇಕಾದರೆ ನಗೋಣ. ಎದುರಾಳಿಗೆ ಚುಚ್ಚಬೇಕೆಂಬ ಉದ್ದೇಶವಂತೂ ಎರಡರಲ್ಲಿಯೂ ಒಂದೇ!

ಇಂಗ್ಲಿಷಿನ ದೊಡ್ಡತನವನ್ನು ಇಲ್ಲಿ ಹೇಳಲೇಬೇಕು. 2017ರಲ್ಲಿ ಆಕ್ಸ್‌ಫರ್ಡಿನ ಮಹಾ ನಿಘಂಟು ನಮ್ಮ ದೇಶದ ಸುಮಾರು 70 ಶಬ್ದಗಳನ್ನು ಒಟ್ಟಿಗೆ ಸೇರಿಸಿಕೊಂಡಿತು. ಅವುಗಳಲ್ಲಿ ‘ಅಣ್ಣ’ ಎಂಬುದೂ ಒಂದು. ಆಕ್ಸ್‌ಫರ್ಡಿನ ನಿಘಂಟಿಗೆ ಹೋಗಲು ಅಣ್ಣನಿಗೆ ರಹದಾರಿ ದೊರೆಯಿತು. ನಮ್ಮ ತಾಲ್ಲೂಕು ನ್ಯಾಯಸ್ಥಾನದ ಕಡತಕ್ಕೆ ಹೋಗಲು ಅವನು ಇಂದಿಗೂ ಬ್ರದರ್ ಎಂದು ವೇಷ ಹಾಕಬೇಕಾಗಿದೆ.

ತಮ್ಮ ನಾಡಿನಲ್ಲಿಯೇ ಇಂಗ್ಲಿಷರು ಈ ಸಂಕಟವನ್ನು ಉಂಡವರು. 1066ರಲ್ಲಿ ನಾರ್ಮನ್ನರು ಆ ದೇಶವನ್ನು ಗೆದ್ದ ಬಳಿಕ ಬಲ್ಲಿದರ ಮಾತು ಫ್ರೆಂಚಾಯಿತು, ಕಡತದ ಮಾತು ಲ್ಯಾಟಿನ್ನಾಯಿತು, ಇಂಗ್ಲಿಷು ಒಕ್ಕಲಿಗರ ಪಾಲಿಗೆ ಉಳಿಯಿತು. ಇಂದು ನಾವು ಇಂಗ್ಲಿಷ್ ಕಾಯಿದೆಯ ಶಬ್ದಗಳೆಂದು ಗೌರವಿಸುವ ಪ್ಲೇಂಟಿಫ್, ಅಟಾರ್ನಿ, ಬೇಲ್, ಮಾರ್ಟ್‌ಗೇಜ್ ಎಲ್ಲವೂ ಫ್ರೆಂಚಿನ ಸೊತ್ತು. ಜನರಿಗೆ ಫ್ರೆಂಚು ತಿಳಿಯದಾದುದರಿಂದ ವಾದವು ಇಂಗ್ಲಿಷಿನಲ್ಲಿ ನಡೆಯಬೇಕೆಂದು 1362ರಲ್ಲಿ, ಮೂರನೆಯ ಎಡ್ವರ್ಡನ ಕಾಲದಲ್ಲಿ, ಶಾಸನವಾಯಿತು. ಆ ಶಾಸನವನ್ನು ಬರೆದುದೂ ಫ್ರೆಂಚಿನಲ್ಲಿಯೇ! ಕಡತಗಳು ಲ್ಯಾಟಿನ್ನಿನಲ್ಲಿ ಇರಬೇಕೆಂದೂ ಅದೇ ಹೇಳಿತು. ವಕೀಲರು ಹಳೆಯ ಫ್ರೆಂಚನ್ನು ಬಿಡಲೊಲ್ಲದೆ ಅದನ್ನು ಇನ್ನೂ ಮೂರು ಶತಮಾನ ಎಳೆದರು. ಕೊನೆಗೆ 1731ರಲ್ಲಿ ಆದ ಕಾನೂನು 1733ರ ಮಾರ್ಚಿನಿಂದ ಜಾರಿಗೆ ಬಂದು, ನ್ಯಾಯಾಲಯದ ಎಲ್ಲ ವ್ಯವಹಾರವೂ ಇಂಗ್ಲಿಷಿನಲ್ಲಿಯೇ ನಡೆಯಬೇಕೆಂದಾಯಿತು. ಮೊದಲ ಶಾಸನಕ್ಕೂ ಇದಕ್ಕೂ ನಡುವೆ 371 ವರ್ಷ. ಸ್ವಂತ ನೆಲದಲ್ಲಿ, ಸ್ವಂತ ಅರಸರಿರುವಾಗ, ಜನರ ಮಾತು ಕಟಕಟೆಯಿಂದ ಕಡತಕ್ಕೆ ನಡೆದುಹೋಗಲು ಇಷ್ಟು ಕಾಲ ಹಿಡಿಯಿತು. ತಡೆದವರು ಪರದೇಶದವರಲ್ಲ, ನಮ್ಮಂಥ ವಕೀಲರು.

ಕನ್ನಡದಲ್ಲಿ ನ್ಯಾಯದ ಮಾತುಗಳಿಲ್ಲವೆಂಬ ಅಪವಾದವನ್ನು ನಾವು ಒಪ್ಪೆವು. ಇಂದಿಗೂ ನಮ್ಮ ಕ್ರಯಪತ್ರಗಳಲ್ಲಿ ನಿಧಿ, ನಿಕ್ಷೇಪ, ಜಲ, ತರು, ಪಾಷಾಣ ಎಂದು ಬರುವ ಸಾಲು ವಿಜಯನಗರದ ಕಾಲದ ಶಾಸನಗಳಿಂದ ನೇರವಾಗಿ ಇಳಿದು ಬಂದುದು. ಪಾರಸಿಯಿಂದ ವಕೀಲ, ಅರ್ಜಿ, ಫಿರ್ಯಾದಿ, ಜಾಮೀನು ಬಂದು ಮನೆಯವರೇ ಆಗಿಹೋದರು. ಒಪ್ಪಿಗೆಯ ಪತ್ರವೆಂದು ಹೊರಟ ರಾಜೀನಾಮೆಯು ಕನ್ನಡದಲ್ಲಿ ಅಧಿಕಾರ ತ್ಯಜಿಸುವ ಪತ್ರವಾಯಿತು. ಇದರಿಂದ ಯಾರಿಗೂ ನಷ್ಟವಾಗಲಿಲ್ಲ. ಹಾಗೆಯೇ ನೋಟೀಸು, ಸಮನ್ಸು, ಡಿಕ್ರಿಗಳು ಇರಲಿ. ಇ.ಸಿ. ಎಂದರೆ ಹಳ್ಳಿಯ ಹುಡುಗನಿಗೂ ತಿಳಿಯುವಲ್ಲಿ ಋಣಭಾರ ಪ್ರಮಾಣಪತ್ರವೆಂದು ಬರೆದು ಅವನನ್ನು ಇನ್ನೊಬ್ಬರ ಬಾಗಿಲಿಗೆ ಅಟ್ಟುವುದು ಕನ್ನಡದ ಸೇವೆಯಲ್ಲ. ನಮಗೆ ಬೇಕಾದುದು ಸಾಕ್ಷಿಯು ಆಡಿದುದು ಆಡಿದಂತೆ ಬರವಣಿಗೆಯಲ್ಲಿ ಉಳಿಯುವುದು. ಅದರೊಳಗೆ ಇಂಗ್ಲಿಷಿನ ನಾಲ್ಕು ಶಬ್ದಗಳಿದ್ದರೆ ಅವೂ ಉಳಿಯಲಿ.

ಇಂಗ್ಲಿಷಿನ ಮೇಲೆ ನಮಗೆ ಹಗೆಯಿಲ್ಲ. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಕಾಲೇಜಿನ ಮೆಟ್ಟಿಲು ಹತ್ತದೆಯೇ ಇಂಗ್ಲಿಷನ್ನು ವಶಮಾಡಿಕೊಂಡು 1913ರಲ್ಲಿ ‘ಕರ್ನಾಟಕ’ವೆಂಬ ಇಂಗ್ಲಿಷ್ ಪತ್ರಿಕೆಯನ್ನೇ ಹೊರಡಿಸಿದರು. ಮಾಲೂರು ಸೀಮೆಯ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಇಂಗ್ಲಿಷಿನಲ್ಲಿ ಎಂ.ಎ. ಪದವಿ ಪಡೆದವರು, ಮನೆಯಲ್ಲಿ ತಮಿಳನ್ನಾಡಿದವರು; ಅವರು ಕತೆ ಬರೆದುದು ಕನ್ನಡದಲ್ಲಿ. ಯಾವ ಮಾತು ಯಾವ ಕೆಲಸಕ್ಕೆಂಬ ವಿವೇಕವು ಈ ಮಣ್ಣಿನವರಿಗೆ ಹೊಸದಲ್ಲ.

ಕಾನೂನು ಏನು ಹೇಳುವುದೆಂದು ತಾವು ಕೇಳಬಹುದು. ಸಂವಿಧಾನದ 348ನೆಯ ಅನುಚ್ಛೇದದಂತೆ ಉಚ್ಚ ನ್ಯಾಯಾಲಯದ ಭಾಷೆ ಇಂಗ್ಲಿಷು. ಆ ಮಾತು ಬೇರೆ. ಕೆಳಗಿನ ನ್ಯಾಯಾಲಯಗಳ ಭಾಷೆಯನ್ನು ನಿಶ್ಚಯಿಸುವ ಅಧಿಕಾರ ರಾಜ್ಯ ಸರಕಾರದ್ದು. ನಮ್ಮಲ್ಲಿ ಅದು ಕನ್ನಡವೆಂದೇ ನಿಶ್ಚಯವಾಗಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 137ನೆಯ ಪ್ರಕರಣವು, ಸಾಕ್ಷ್ಯವನ್ನು ಬರೆದುಕೊಳ್ಳುವುದನ್ನು ಹೊರತುಪಡಿಸಿ ಉಳಿದ ಬರಹವು ಇಂಗ್ಲಿಷಿನಲ್ಲಿರಬಹುದೆಂದು ಹೇಳಿ, ಇಂಗ್ಲಿಷು ಬಾರದ ಕಕ್ಷಿಗಾರನು ಕೇಳಿದರೆ ನ್ಯಾಯಾಲಯದ ಭಾಷೆಯಲ್ಲಿ ಅನುವಾದವನ್ನು ಒದಗಿಸಬೇಕೆಂದೂ ವಿಧಿಸಿದೆ. ಕೇಳಿದರೆ! ಹಾಗೆ ಕೇಳಿದ ಕಕ್ಷಿಗಾರರನ್ನು ನಾವು ಕಂಡುದು ಬೆರಳೆಣಿಕೆಗೂ ಸಾಲದು.

ಇಲ್ಲಿ ಒಂದು ಆಕ್ಷೇಪಣೆಯಿದೆ, ಅದು ಹಗುರವಾದುದಲ್ಲ. ಮುಳಬಾಗಿಲು, ಶ್ರೀನಿವಾಸಪುರಗಳ ಗಡಿಯ ಹಳ್ಳಿಗಳಲ್ಲಿ ಮನೆಮಾತು ತೆಲುಗು; ಮಾಲೂರಿನ ಕಡೆಯೂ ಗಣಿಯ ಕಡೆಯೂ ತಮಿಳಿದೆ. ಆ ಸಾಕ್ಷಿಗಳಿಗೆ ಕನ್ನಡವೂ ಪರಭಾಷೆಯಲ್ಲವೇ, ಎಲ್ಲರಿಗೂ ಸಮವಾದ ಇಂಗ್ಲಿಷೇ ಮೇಲಲ್ಲವೇ ಎಂದು ಕೇಳುವರು. ನಾವು ಇದನ್ನು ಬಹಳ ಕಾಲ ಯೋಚಿಸಿದ್ದೇವೆ. ತೆಲುಗಿನವನು ಹಿರಿಯನನ್ನು ‘ವಾರು’ ಎಂದರೆ ಕನ್ನಡದ ‘ಅವರು’ ಅದನ್ನು ಒಂದು ಗುಲಗಂಜಿಯೂ ಕಡಿಮೆಯಾಗದಂತೆ ಹೊತ್ತುಕೊಳ್ಳುವುದು. ತಮಿಳಿನ ‘ಅವರ್’ ಎಂಬುದಂತೂ ಅದೇ ಶಬ್ದ. ಅಣ್ಣನು ಮೂರು ಭಾಷೆಗಳಲ್ಲಿಯೂ ಅಣ್ಣನೇ, ಮೂರರಲ್ಲಿಯೂ ದೊಡ್ಡಪ್ಪನ ಮಗನಿಗೆ ಆ ಹೆಸರು ಸಲ್ಲುವುದು. ಇಂಗ್ಲಿಷು ಸಮನಾಗಿರುವುದು ನಿಜ. ಮೂವರ ಮಾತನ್ನೂ ಅದು ಸಮನಾಗಿ ಕಳೆಯುವುದು. ಶ್ರೀನಿವಾಸಪುರದ ತೆಲುಗು ಒಕ್ಕಲಿಗನಿಗೆ ಕನ್ನಡದ ಕಡತವು ಇಂಗ್ಲಿಷಿನ ಕಡತಕ್ಕಿಂತ ಹತ್ತಿರದ ನೆಂಟ.

ಉಪಾಧ್ಯಾಯ ಬಂಧುಗಳಲ್ಲಿ ಒಂದು ಬಿನ್ನಹ ಉಂಟು. ಸಾಕ್ಷಿಯ ಹೇಳಿಕೆಯನ್ನು ಬರೆದು ಮುಗಿಸಿದ ಮೇಲೆ ಅದನ್ನು ಅವನಿಗೆ ಓದಿ ಹೇಳಬೇಕು, ಬೇರೆ ಭಾಷೆಯಲ್ಲಿದ್ದರೆ ತಿಳಿಯುವ ಮಾತಿನಲ್ಲಿ ವಿವರಿಸಬೇಕು, ತಪ್ಪಿದ್ದರೆ ಅವನು ತಿದ್ದುಪಡಿ ಕೇಳಬಹುದು ಎಂಬುದು ವಿಧಿ. ನಡೆಯುವುದು ಹೀಗೆ: ಮಧ್ಯಾಹ್ನವಾಗಿರುತ್ತದೆ, ಹೊರಗೆ ಇನ್ನೂ ಇಪ್ಪತ್ತು ಮೊಕದ್ದಮೆಗಳ ಜನ ಕಾಯುತ್ತಿರುತ್ತಾರೆ, “ಸರಿಯಾಗಿದೆ ಏನಯ್ಯ?” ಎಂದು ಕೇಳುವರು, “ಸರಿಯಾಗಿದೆ ಸ್ವಾಮಿ” ಎಂದು ಅವನು ರುಜು ಹಾಕುವನು. ಆ ರುಜು ಹಾಕುವವನು ಹತ್ತು ವರ್ಷಗಳ ಹಿಂದೆ ತಮ್ಮ ಮುಂದೆ ಬೆಂಚಿನ ಮೇಲೆ ಕುಳಿತಿದ್ದ ಹುಡುಗನು. ಕಾಗದಕ್ಕೆ ಕೈ ಹಾಕುವ ಮೊದಲು “ನಾನು ಅಂದದ್ದು ‘ಅವರು’ ಅಂತ, ಇಲ್ಲಿ ಎಷ್ಟು ಜನ ಅಂತ ಬರೆದಿದ್ದೀರಿ?” ಎಂದು ಕೇಳುವಷ್ಟು ವ್ಯಾಕರಣವನ್ನು, ಕನ್ನಡದ್ದೂ ಇಂಗ್ಲಿಷಿನದ್ದೂ ಪಕ್ಕಪಕ್ಕದಲ್ಲಿಟ್ಟು, ಅವನಿಗೆ ಎಂಟನೆಯ ತರಗತಿಯಲ್ಲಿಯೇ ಹೇಳಿಕೊಡಬಹುದು.